‘ಎಂಜಿನ್ ನಿಂತಿತು’: ಹದಿನಾಲ್ಕರ ನಾಯಕಿಯ ಕಥೆಯೊಂದನ್ನು ನಾಲ್ಕು ಸಲ ಬರೆದ ಪ್ರಕರಣ

ವೈಜ್ಞಾನಿಕ ಕಥೆಯಲ್ಲಿ ಜಾಣ ಮಕ್ಕಳ ಕೈಗೆ ನೌಕೆಯ ಅಧಿಕಾರ ಕೊಡಬಹುದಾ? ಈ ಒಂದು ಪ್ರಶ್ನೆ ಹಿಡಿದುಕೊಂಡು ನಮ್ಮ ಓದುಗರ ಗುಂಪು ಒಂಬತ್ತು ತಿಂಗಳು ಒದ್ದಾಡಿತು. ಇಂಥದ್ದೇ ಕಥೆ ಬರೆಯಲು ಕೂತವರಿಗೆ ಆ ಒದ್ದಾಟ ಸ್ವಲ್ಪ ಕಡಿಮೆಯಾಗಲಿ ಅಂತ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಲೇಖಕಿಯ ಒಪ್ಪಿಗೆ ಪಡೆದಿದ್ದೇನೆ. ಅವರ ಹೆಸರು, ಕಥೆಯ ಶೀರ್ಷಿಕೆ ಎರಡೂ ಇಲ್ಲಿಲ್ಲ. ಗುಂಪಿನವರ ಗುರುತು ಹತ್ತುವಂಥ ವಿವರಗಳನ್ನೂ ಬಿಟ್ಟಿದ್ದೇನೆ.

ಹಿನ್ನೆಲೆ

ನಾವು ಏಳು ಜನ. ತಿಂಗಳಿಗೊಂದು ಭಾನುವಾರ ಮೈಸೂರಿನಲ್ಲಿ ಸೇರುತ್ತೇವೆ. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಒಂದು ಸುತ್ತು, ಆಮೇಲೆ ಒಬ್ಬರ ಮನೆಯ ತಾರಸಿಯಲ್ಲಿ ಕಾಫಿ ಮತ್ತು ಓದು. ಯಾರಾದರೊಬ್ಬರು ತಾವು ಬರೆದದ್ದನ್ನು ತರುತ್ತಾರೆ. ನಿಯಮ ಒಂದೇ. ಮೊದಲ ಅರ್ಧ ಗಂಟೆ ಬರೆದವರು ಬಾಯಿ ಬಿಡಬಾರದು.

ಲೇಖಕಿ ಮಂಡ್ಯ ಕಡೆಯವರು, ಮೈಸೂರಿನಲ್ಲಿ ಕೆಲಸ. ತಂದದ್ದು ಹನ್ನೊಂದು ಅಧ್ಯಾಯದ ನೀಳ್ಗತೆ. ಶನಿ ಗ್ರಹದ ಉಪಗ್ರಹ ಟೈಟಾನ್‌ಗೆ ಹೊರಟ ನೌಕೆ, ಒಳಗೆ 41 ಜನ. ನೌಕೆಯಲ್ಲಿ ಮಗು ಯಾಕೆ ಇರಬೇಕು ಅನ್ನುವುದಕ್ಕೆ ಅವರ ಹತ್ತಿರ ಒಳ್ಳೆಯ ಉತ್ತರ ಇತ್ತು. ಕ್ಯಾಸಿನಿ ನೌಕೆ 1997ರ ಅಕ್ಟೋಬರ್‌ನಲ್ಲಿ ಹೊರಟು ಶನಿಯನ್ನು ತಲುಪಿದ್ದು 2004ರ ಜುಲೈನಲ್ಲಿ. ಹತ್ತಿರ ಹತ್ತಿರ ಏಳು ವರ್ಷ. ಅಪ್ಪ ಅಮ್ಮನ ಜೊತೆ ಏಳನೇ ವಯಸ್ಸಿಗೆ ನೌಕೆ ಹತ್ತಿದ ಹುಡುಗಿ ಶನಿ ಹತ್ತಿರ ಬರುವಾಗ ಹದಿನಾಲ್ಕರವಳು. ಅವಳಿಗೆ ನೌಕೆಯೇ ಊರು, ಅದರ ಪೈಪುಗಳೇ ಬೀದಿಗಳು. ಈ ಭಾಗ ಓದುವಾಗ ನಮಗೆಲ್ಲ ಖುಷಿಯಾಯಿತು. ಲೆಕ್ಕ ಸರಿಯಿತ್ತು, ಮಗು ಕೂಡ ಮಗುವಿನ ಹಾಗೇ ಇತ್ತು.

ತೊಂದರೆ ಶುರುವಾದದ್ದು ಮೂರನೇ ಅಧ್ಯಾಯದಲ್ಲಿ. ಕ್ಯಾಪ್ಟನ್ ತೀರಿಹೋಗುತ್ತಾರೆ. ಉಳಿದ ದೊಡ್ಡವರು ಸಭೆ ಸೇರಿ, ಪರೀಕ್ಷೆಯಲ್ಲಿ ಎಲ್ಲರಿಗಿಂತ ಜಾಸ್ತಿ ಅಂಕ ಬಂದಿದೆ ಅಂತ ಆ ಹುಡುಗಿಯನ್ನೇ ಕ್ಯಾಪ್ಟನ್ ಮಾಡುತ್ತಾರೆ.

ಸಮಸ್ಯೆ

ತಾರಸಿ ಎರಡು ಪಾಲಾಯಿತು. ಕಾಲೇಜು ಹುಡುಗನೊಬ್ಬನಿಗೆ ಆ ಅಧ್ಯಾಯವೇ ಎಲ್ಲಕ್ಕಿಂತ ಇಷ್ಟ. “ನಮ್ಮ ವಯಸ್ಸಿನವರು ಕಥೇಲಿ ಯಾವಾಗಲೂ ಯಾರದೋ ಮಗ, ಯಾರದೋ ತಂಗಿ. ಒಂದು ಸಲ ಆದ್ರೂ ಕುರ್ಚಿ ಸಿಗಲಿ ಬಿಡಿ” ಅಂದ. ಗುಂಪಿನ ಹಿರಿಯರೊಬ್ಬರು, ವಕೀಲರು, ಹಾಳೆ ಕೆಳಗಿಟ್ಟರು. “ನಲವತ್ತು ಜನ ದೊಡ್ಡವರು ಇದ್ದುಕೊಂಡು ಮಗು ಕೈಗೆ ಸ್ಟೇರಿಂಗ್ ಕೊಟ್ರಾ? ಇಂಥ ನೌಕೇಲಿ ನಾನು ಹತ್ತಲ್ಲ.”

ನನ್ನ ಮನಸ್ಸು ಹುಡುಗನ ಕಡೆಗಿತ್ತು. ಮಕ್ಕಳ ಬುದ್ಧಿಯನ್ನು ನಾವು ಮನೆಯಲ್ಲಿ, ಶಾಲೆಯಲ್ಲಿ ಎಷ್ಟು ಸಲ ತಳ್ಳಿಹಾಕಿಲ್ಲ? ಅದನ್ನು ನಂಬುವ ಕಥೆಗಳು ಬೇಕು ಅಂತ ನನಗೆ ಆಗಲೂ ಅನಿಸುತ್ತಿತ್ತು, ಈಗಲೂ ಅನಿಸುತ್ತದೆ. ಆದರೆ ಆ ಅಧ್ಯಾಯ ಓದುವಾಗ ನನಗೇ ನಂಬಿಕೆ ಬರಲಿಲ್ಲ. ಯಾಕೆ ಅಂತ ಬೆರಳಿಟ್ಟು ತೋರಿಸಲೂ ಆಗಲಿಲ್ಲ. ಮುಂದಿನ ಆರು ತಿಂಗಳು ನಾವು ತಪ್ಪು ಜಾಗದಲ್ಲಿ ಹುಡುಕಿದ್ದಕ್ಕೆ ಇದೇ ಕಾರಣ.

ಏನೇನು ಪ್ರಯತ್ನಿಸಿದೆವು

ಮೊದಲು ಹೊಳೆದದ್ದು ಹುಡುಗಿಯನ್ನು ಇನ್ನೂ ಜಾಣೆ ಮಾಡುವುದು. ಲೇಖಕಿ ಎರಡು ಹೊಸ ಅಧ್ಯಾಯ ಬರೆದರು. ಹುಡುಗಿ ಕಕ್ಷೆಯ ಲೆಕ್ಕವನ್ನು ಮನಸ್ಸಿನಲ್ಲೇ ಮಾಡುತ್ತಾಳೆ, ದೊಡ್ಡವರು ಮೂರು ದಿನ ತಿಣುಕಿದ ದೋಷವನ್ನು ಒಂದು ನೋಟಕ್ಕೆ ಹಿಡಿಯುತ್ತಾಳೆ. ಕಥೆ ಮತ್ತಷ್ಟು ಕೆಟ್ಟಿತು. ಅವಳು ಜಾಣೆಯಾದಷ್ಟೂ ಸುತ್ತಲಿನವರು ದಡ್ಡರಾದರು. ಆಗ ಗುಂಪಿನಲ್ಲಿ ಚೆಸ್ ಆಡುವವರೊಬ್ಬರು ಒಳ್ಳೆಯ ಮಾತು ಹೇಳಿದರು. ಗುಕೇಶ್ 2024ರ ಡಿಸೆಂಬರ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ 18 ವರ್ಷ. ಅದನ್ನು ನಂಬೋದಕ್ಕೆ ಯಾರಿಗೂ ಕಷ್ಟ ಆಗಲಿಲ್ಲ. ಚೆಸ್‌ನಲ್ಲಿ ಆನೆ, ಕುದುರೆ, ಕಾಲಾಳು ಯಾವುದೂ ತಿರುಗಿ “ಯಾಕೆ?” ಅಂತ ಕೇಳಲ್ಲ. ನೌಕೆಯಲ್ಲಿ ನಲವತ್ತು ಜನ ಕೇಳ್ತಾರೆ.

ಎರಡನೇ ಪ್ರಯತ್ನಕ್ಕೆ ಕಾರಣ ನಾನೇ. ಹುಡುಗಿಯ ವಯಸ್ಸನ್ನು 22 ಮಾಡಿ ಅಂದೆ. ಅದಕ್ಕೆ ನಾನು ಕೊಟ್ಟ ಉದಾಹರಣೆ ಅಪೋಲೊ 11. ಚಂದ್ರನ ಮೇಲೆ ಇಳಿಯುವ ಹೊತ್ತಿನಲ್ಲಿ ಕಂಪ್ಯೂಟರ್ 1202 ಅನ್ನುವ ಎಚ್ಚರಿಕೆ ಕೊಟ್ಟಿತು. ಮುಂದುವರಿಯಬೇಕಾ, ವಾಪಸ್ ಬರಬೇಕಾ ಅಂತ ಹೇಳಬೇಕಾದ, ಭೂಮಿಯ ನಿಯಂತ್ರಣ ಕೇಂದ್ರದ ಮೇಜಿನಲ್ಲಿದ್ದ ಸ್ಟೀವ್ ಬೇಲ್ಸ್‌ಗೆ 26 ವರ್ಷ. ಆ ಎಚ್ಚರಿಕೆಯ ಅರ್ಥವನ್ನು ಹಿಂದಿನ ಕೋಣೆಯಿಂದ ಅವರಿಗೆ ಹೇಳಿದ ಜ್ಯಾಕ್ ಗಾರ್ಮನ್‌ಗೆ 24. ಮುಂದುವರಿಯಿರಿ ಅಂದರು. ನೌಕೆ ಇಳಿಯಿತು.

ಲೇಖಕಿ ಹಾಗೇ ಬರೆದು ತಂದರು. ಎಲ್ಲ ನಂಬುವ ಹಾಗಿತ್ತು. ಆದರೆ ಕಥೆಯಲ್ಲಿ ಜೀವ ಇರಲಿಲ್ಲ. ನಮ್ಮ ದೇಶದಲ್ಲೇ 17ಕ್ಕೆ ಖಾಸಗಿ ವಿಮಾನದ ಲೈಸೆನ್ಸ್, 18ಕ್ಕೆ ವಾಣಿಜ್ಯ ಲೈಸೆನ್ಸ್ ಸಿಗುತ್ತದೆ. 22ರ ಹೆಂಗಸು ನೌಕೆ ನಡೆಸಿದರೆ ಅದರಲ್ಲಿ ಭಯ ಎಲ್ಲಿದೆ? ಓದುಗನ ಹೊಟ್ಟೆಯಲ್ಲಿ ಏನೋ ಕಲಕಬೇಕು, ಅದಕ್ಕೇ ತಾನೇ ಮಗುವನ್ನು ಅಲ್ಲಿ ಕೂರಿಸಿದ್ದು? ನನ್ನ ಸಲಹೆಯಿಂದ ಅವರ ಎರಡು ತಿಂಗಳು ಹೋಯಿತು. ಅದಕ್ಕೆ ನನಗೆ ಬೇಸರವಿದೆ.

ಅಪೋಲೊ ಉದಾಹರಣೆಯನ್ನು ನಾನು ಅರ್ಧ ಮಾತ್ರ ಹೇಳಿದ್ದೆ ಅಂತ ಹೊಳೆದದ್ದು ಆಮೇಲೆ. ಇಳಿಯುವ ಕೆಲವೇ ದಿನ ಮುಂಚೆ ಒಂದು ಅಣಕು ಅಭ್ಯಾಸದಲ್ಲಿ ಇಂಥದ್ದೇ ಎಚ್ಚರಿಕೆ ಬಂದಿತ್ತು. ಆಗ ಬೇಲ್ಸ್ ವಾಪಸ್ ಬನ್ನಿ ಅಂದಿದ್ದರು, ಅದು ತಪ್ಪಾಗಿತ್ತು. ಮೇಲಧಿಕಾರಿಯಾಗಿದ್ದ ಜೀನ್ ಕ್ರಾಂಜ್ ಅವರನ್ನು ಕುರ್ಚಿಯಿಂದ ಎಬ್ಬಿಸಲಿಲ್ಲ. ಇಂಥ ಎಚ್ಚರಿಕೆಗಳನ್ನೆಲ್ಲ ಪಟ್ಟಿ ಮಾಡಿ ಅಂದರು. ಗಾರ್ಮನ್ ಕೈಯಲ್ಲೇ ಬರೆದ ಪಟ್ಟಿ 1969ರ ಜುಲೈ 20ರಂದು ಕೆಲಸಕ್ಕೆ ಬಂತು. ಅಂದರೆ ಆ ಹುಡುಗರ ಹಿಂದೆ ಒಬ್ಬರು ನಿಂತಿದ್ದರು. ತಪ್ಪು ಮಾಡಲು ಒಂದು ಜಾಗ ಕೊಟ್ಟಿದ್ದರು.

ಮೂರನೇ ಪ್ರಯತ್ನ ಲೇಖಕಿಯದೇ. ನೌಕೆಯ ಕಂಪ್ಯೂಟರ್ ಹುಡುಗಿಯ ದನಿಯನ್ನು ಮಾತ್ರ ಗುರುತಿಸುತ್ತದೆ, ಹಾಗಾಗಿ ಬೇರೆ ದಾರಿಯಿಲ್ಲ ಅನ್ನುವ ಏರ್ಪಾಡು. ಕಾಗದದ ಮೇಲೆ ಸರಿಯಿತ್ತು. ಆದರೆ ಉಳಿದ ನಲವತ್ತು ಜನ ಕೈಕಟ್ಟಿ ಕೂತ ಬೊಂಬೆಗಳಾದರು. ಹುಡುಗಿ ನಾಯಕಿಯಾಗಲಿಲ್ಲ, ಬೀಗದ ಕೈಯಾದಳು.

ಈ ನಡುವೆ ದಸರಾ ಬಂತು. ಅರಮನೆಯ ದೀಪ ನೋಡಿ ವಾಪಸ್ ನಡೆಯುವಾಗ ಕಾಲೇಜು ಹುಡುಗ ಕೇಳಿದ: “ನಮ್ಮ ಮೈಸೂರಲ್ಲೇ ಮಕ್ಕಳು ಪಟ್ಟಕ್ಕೆ ಬಂದಿಲ್ವಾ?” ನಿಜ, ಬಂದಿದ್ದಾರೆ. 1799ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದಾಗ ಸುಮಾರು ಐದು ವರ್ಷ. ಆಡಳಿತ ನಡೆಸಿದ್ದು ದಿವಾನ್ ಪೂರ್ಣಯ್ಯ. 1895ರಲ್ಲಿ ನಾಲ್ವಡಿಯವರಿಗೆ ಪಟ್ಟವಾದಾಗ ಹತ್ತು ವರ್ಷ. ರಾಜ್ಯ ನೋಡಿಕೊಂಡದ್ದು ತಾಯಿ ವಾಣಿವಿಲಾಸ ಸನ್ನಿಧಾನ. ಪೂರ್ಣ ಅಧಿಕಾರ ಕೈಗೆ ಬಂದದ್ದು 1902ರಲ್ಲಿ, 18 ತುಂಬಿದ ಮೇಲೆ. ಮಗುವಿಗೆ ಸಿಂಹಾಸನ ಕೊಟ್ಟರು, ಮೊಹರು ಕೊಡಲಿಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ನೆ ನಡೆದ. ಆಮೇಲೆ ಅವನೇ ಅಭಿಮನ್ಯುವಿನ ಹೆಸರು ತೆಗೆದ. ಚಕ್ರವ್ಯೂಹದ ಒಳಗೆ ಹೋಗುವುದು ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ ಅಂತ ಅಭಿಮನ್ಯು ಮೊದಲೇ ಹೇಳಿದ್ದ. ನಿನ್ನ ಹಿಂದೆಯೇ ಬರುತ್ತೇವೆ ಅಂದ ಧರ್ಮರಾಯ, ಭೀಮರನ್ನು ಸೈಂಧವ ಬಾಗಿಲಲ್ಲೇ ತಡೆದ. “ಹಿಂದೆ ಯಾರೂ ಇಲ್ದೇ ಇದ್ದಾಗ ಏನಾಗುತ್ತೆ ಅನ್ನೋ ಕಥೆ ಅದು ಅಲ್ವಾ?” ಅಂದ. ನಾವು ಹುಡುಕುತ್ತಿದ್ದ ಜಾಗಕ್ಕೆ ಅವನು ಆ ರಾತ್ರಿ ತುಂಬಾ ಹತ್ತಿರ ಬಂದಿದ್ದ. ನಾವ್ಯಾರೂ ಗಮನಿಸಲಿಲ್ಲ.

ತಿರುವು

ನವೆಂಬರ್ ಸಭೆ. ಮಂಡ್ಯ ಜಿಲ್ಲೆಯ ಒಂದು ಕೆರೆ ಊರಿನಿಂದ ಬಂದು ಮೈಸೂರಿನಲ್ಲಿ ನೆಲೆಸಿದ ಸದಸ್ಯರೊಬ್ಬರಿದ್ದಾರೆ. ಅರವತ್ತು ದಾಟಿದವರು, ಮಾತು ಕಡಿಮೆ. ಅವತ್ತು ಮೊದಲ ಕರಡನ್ನೇ ಮತ್ತೆ ಕೈಗೆ ತಗೊಂಡರು. ಮೂರನೇ ಅಧ್ಯಾಯದ ಎರಡು ಸಾಲಿನ ಕೆಳಗೆ ಪೆನ್ಸಿಲ್ ಎಳೆದು ಜೋರಾಗಿ ಓದಿದರು.

“‘ಎಡ ಎಂಜಿನ್ ನಿಲ್ಲಿಸಿ’ ಎಂದಳು. ಎಂಜಿನ್ ನಿಂತಿತು.”

ಕನ್ನಡಕ ತೆಗೆದು ಕೇಳಿದರು: “ನಿಂತಿತು ಅಂದ್ರೆ? ಯಾರು ನಿಲ್ಲಿಸಿದ್ದು?”

ಯಾರ ಬಾಯಲ್ಲೂ ಮಾತಿಲ್ಲ. ಅವಳು ಅಂದದ್ದು ‘ನಿಲ್ಲಿಸಿ’, ಆದದ್ದು ‘ನಿಂತಿತು’. ಎರಡು ಕ್ರಿಯಾಪದಗಳ ನಡುವೆ ಒಬ್ಬ ಮನುಷ್ಯ ಇರಬೇಕಿತ್ತು. ಅವನ ಕೈ, ಅವನ ಅನುಮಾನ, ಒಂದು ಸಲ ಅವಳ ಮುಖ ನೋಡುವ ಅವನ ಕಣ್ಣು. ಅದೆಲ್ಲ ಇರಬೇಕಾದ ಜಾಗ ಖಾಲಿ.

ಆಮೇಲೆ ಅವರು ತಮ್ಮದೇ ಒಂದು ವಿಷಯ ಹೇಳಿದರು. ಅಪ್ಪ ಊರಿನ ನೀರುಗಂಟಿ. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಸರದಿ ನೋಡುವುದು ಅವರ ಕೆಲಸ. ಒಂದು ವರ್ಷ ನಾಟಿ ಸಮಯದಲ್ಲಿ ಅಪ್ಪನಿಗೆ ಜ್ವರ. ಇವರಿಗೆ ಹದಿಮೂರು. ಗುದ್ದಲಿ ಹಿಡಿದು ಇವರೇ ಹೋದರು. ಸರದಿ ಪೂರ್ತಿ ಬಾಯಿಪಾಠ. ಮೇಲಿನ ಗದ್ದೆಗಳ ಮಡೆ, ಅಂದರೆ ನೀರು ಒಳಗೆ ಹರಿಯುವ ಬಾಯಿ, ಕಟ್ಟಿದರೆ ಮಾತ್ರ ಕಡೆ ಗದ್ದೆಗೆ ನೀರು ಹತ್ತುತ್ತಿತ್ತು. ಕಟ್ಟಿ ಅಂತ ಗದ್ದೆಯವರಿಗೆ ಹೇಳಿದರು. ದೊಡ್ಡ ಹಿಡುವಳಿಯವರೊಬ್ಬರು ಬದುವಿನ ಮೇಲೆ ನಿಂತು, “ಹೋಗೋ ಮನೆಗೆ, ಅಪ್ಪನ್ನ ಕಳ್ಸು” ಅಂದರು.

“ನಾನು ಹೇಳಿದ್ದು ಸರಿಯಾಗೇ ಇತ್ತು. ಸರಿ ಇದ್ರೆ ಏನಾಯ್ತು? ಯಾರೂ ಅಲ್ಲಾಡಲಿಲ್ಲ. ಕಣ್ಣಲ್ಲಿ ನೀರು ಬರೋ ಹಾಗಾಯ್ತು. ಆಗ ಪಕ್ಕದ ಗದ್ದೆ ಅಜ್ಜ, ಅವರ ಸರದಿ ಮುಗಿದಿತ್ತು, ಬಗ್ಗಿ ತಮ್ಮ ಮಡೆಗೆ ತಾವೇ ಮಣ್ಣು ಹಾಕಿದ್ರು. ‘ಆಯ್ತಪ್ಪ, ಕಟ್ಟಿದ್ದೀನಿ ನೋಡು’ ಅಂದ್ರು. ಅಷ್ಟೇ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕಟ್ಟಿದ್ರು. ನಾನು ನೀರುಗಂಟಿ ಆದದ್ದು ನಾನು ಹೇಳಿದಾಗ ಅಲ್ಲ. ಆ ಅಜ್ಜ ಮಣ್ಣು ಹಾಕಿದಾಗ.”

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ರಾತ್ರಿ ಕಾಲುವೆ ಪಕ್ಕ ಇವರಿಗೆ ನಿದ್ದೆ ಹತ್ತಿತು. ಎದ್ದು ನೋಡುವಷ್ಟರಲ್ಲಿ ಒಂದು ಬದು ಒಡೆದು ಒಬ್ಬರ ಒಟ್ಲು ಪಾತಿ, ಅಂದರೆ ನಾಟಿಗೆ ಪೈರು ಬೆಳೆಸಿದ್ದ ಮಡಿ, ಕೊಚ್ಚಿಹೋಗಿತ್ತು. ಬೆಳಿಗ್ಗೆ ಅವರು ಬೈಯಲು ಬಂದದ್ದು ಇವರ ಹತ್ತಿರ ಅಲ್ಲ, ಜ್ವರದಲ್ಲಿ ಮಲಗಿದ್ದ ಅಪ್ಪನ ಹತ್ತಿರ. ಅಪ್ಪ ಎದ್ದು ಕೂತು, ತಪ್ಪಾಯ್ತು ಅಂದು, ತಮ್ಮ ಪಾತಿಯ ಪೈರನ್ನು ಕೊಟ್ಟು ಕಳಿಸಿದರು. ಮಗನಿಗೆ ಒಂದು ಮಾತೂ ಆಡಲಿಲ್ಲ.

ಲೇಖಕಿ ಬರೆದುಕೊಳ್ಳುತ್ತಿದ್ದರು. ಅರ್ಧ ಗಂಟೆಯ ನಿಯಮ ಎಂದೋ ಮುಗಿದಿತ್ತು, ಆದರೂ ಅವರು ಮಾತಾಡಲಿಲ್ಲ.

ಮನೆಗೆ ಬಂದ ಮೇಲೆ ನನಗೆ ಡೇವಿಡ್ ಫ್ಯಾರಗಟ್ ನೆನಪಾದರು. ಮುಂದೆ ಅಮೆರಿಕದ ನೌಕಾಪಡೆಯಲ್ಲಿ ದೊಡ್ಡ ಹೆಸರಾದವರು. 1813ರಲ್ಲಿ ಅವರಿಗೆ 12 ವರ್ಷ, ಎಸೆಕ್ಸ್ ಅನ್ನುವ ಯುದ್ಧನೌಕೆಯಲ್ಲಿ ಕೆಲಸ. ಪೆಸಿಫಿಕ್‌ನಲ್ಲಿ ವಶಕ್ಕೆ ಬಂದ ತಿಮಿಂಗಿಲ ಬೇಟೆಯ ಹಡಗೊಂದನ್ನು ವಾಲ್ಪರೈಸೊ ಬಂದರಿಗೆ ಒಯ್ಯಲು ಅವರನ್ನು ಹಾಕಿದರು. ಆ ಹಡಗಿನ ಹಳೆಯ ಕ್ಯಾಪ್ಟನ್, ನನ್ನ ಅಪ್ಪಣೆಯಿಲ್ಲದೆ ಹಗ್ಗ ಮುಟ್ಟಿದವನಿಗೆ ಗುಂಡು ಹೊಡೆಯುತ್ತೇನೆ ಅಂತ ಗದರಿ ಪಿಸ್ತೂಲು ತರಲು ಕೆಳಗೆ ಹೋದ. ಹುಡುಗ ತನ್ನ ಕಡೆಯ ನಂಬಿಕೆಯ ನಾವಿಕನೊಬ್ಬನನ್ನು ಕರೆದು ಹಾಯಿ ಬಿಚ್ಚಿಸಲು ಹೇಳಿದ. ಆ ನಾವಿಕ ತಡವರಿಸದೆ, ಗಟ್ಟಿಯಾಗಿ “ಆಗಲಿ ಸರ್” ಅಂದ. ಆ ಉತ್ತರ ಕೇಳಿದ ಮೇಲೆಯೇ ತನಗೆ ಧೈರ್ಯ ವಾಪಸ್ ಬಂದದ್ದು ಅಂತ ಫ್ಯಾರಗಟ್ ಆಮೇಲೆ ಹೇಳಿಕೊಂಡಿದ್ದಾರೆ. ಕೆಳಗಿನಿಂದ ಪಿಸ್ತೂಲು ಹಿಡಿದು ಬಂದರೆ ಸಮುದ್ರಕ್ಕೆ ಹೋಗಬೇಕಾಗುತ್ತದೆ ಅಂತ ಹಳೆಯ ಕ್ಯಾಪ್ಟನ್‌ಗೆ ಹೇಳಿಕಳಿಸಿದ್ದು ಆಮೇಲೆ.

ಗದ್ದೆಯ ಅಜ್ಜ, ಹಡಗಿನ ನಾವಿಕ. ಇಬ್ಬರೂ ಮಾಡಿದ್ದು ಒಂದೇ ಕೆಲಸ.

ನಾಲ್ಕನೇ ಕರಡು

ಲೇಖಕಿ ಈ ಸಲ ಹುಡುಗಿಯನ್ನು ಮುಟ್ಟಲೇ ಇಲ್ಲ. ವಯಸ್ಸು ಮತ್ತೆ ಹದಿನಾಲ್ಕು. ಹೊಸದಾಗಿ ಬಂದವರು ಇಬ್ಬರು ದೊಡ್ಡವರು.

ಒಬ್ಬರು ಉಪನಾಯಕಿ. ಹುಡುಗಿಗೆ ಕಾವಲು ಸರದಿಯ ತರಬೇತಿ ಕೊಡುತ್ತಾ, ಕರ್ತವ್ಯದ ಪಟ್ಟಿಯಲ್ಲಿ ತಮ್ಮ ಹೆಸರಿನ ಕೆಳಗೆ ಅವಳ ಹೆಸರು ಬರೆದು ಸಹಿ ಹಾಕಿದವರು. ಇನ್ನೊಬ್ಬರು 58 ವರ್ಷದ ಎಂಜಿನಿಯರ್. ತಂಪು ಮಾಡುವ ಕೊಳವೆಯಿಂದ ಅಮೋನಿಯ ಸೋರಿ ಕ್ಯಾಪ್ಟನ್, ಉಪನಾಯಕಿ ಇಬ್ಬರೂ ಪ್ರಜ್ಞೆ ತಪ್ಪುತ್ತಾರೆ. ಕ್ಯಾಪ್ಟನ್ ಸಾಯುವುದಿಲ್ಲ. ಸಭೆಯಿಲ್ಲ, ಪರೀಕ್ಷೆಯಿಲ್ಲ. ಆ ಹೊತ್ತಿನ ಪಟ್ಟಿಯಲ್ಲಿ ಉಳಿದ ಹೆಸರು ಹುಡುಗಿಯದು.

ಅಧಿಕಾರಕ್ಕೆ ಒಂದು ಗಡಿ ಕೂಡ ಬಂತು. ಶನಿಯ ಹತ್ತಿರದಿಂದ ಭೂಮಿಗೆ ಸಂದೇಶ ಮುಟ್ಟಲು ಸುಮಾರು 80 ನಿಮಿಷ ಬೇಕು, ಉತ್ತರ ಬರಲು ಇನ್ನೊಂದು 80. ಅಂದರೆ ಹುಡುಗಿ ನಾಯಕಿಯಾಗಿರುವುದು ಎರಡು ಗಂಟೆ ನಲವತ್ತು ನಿಮಿಷ. ಇದು ಲೇಖಕಿಯ ತುಂಬಾ ಒಳ್ಳೆಯ ನಿರ್ಧಾರ ಅಂತ ನನ್ನ ಅಭಿಪ್ರಾಯ. ಮೊದಲ ಕರಡಿನಲ್ಲಿ ಒಂಬತ್ತು ಅಧ್ಯಾಯ ಹಬ್ಬಿದ್ದ ಅಧಿಕಾರ ಈಗ ಎರಡು ಅಧ್ಯಾಯಕ್ಕೆ ಇಳಿಯಿತು, ಒಂದೊಂದು ನಿಮಿಷಕ್ಕೂ ತೂಕ ಬಂತು.

ಒಂದು ವಿಷಯದಲ್ಲಿ ಮಾತ್ರ ಜಗಳವೇ ಆಯಿತು. ಅವಳು ಒಂದು ತಪ್ಪು ಮಾಡಬೇಕು ಅನ್ನುವುದರಲ್ಲಿ ಎಲ್ಲರಿಗೂ ಒಪ್ಪಿಗೆ. ಆ ತಪ್ಪಿನಿಂದ ಒಬ್ಬರು ಸಾಯಲಿ, ಕಥೆ ಗಟ್ಟಿಯಾಗುತ್ತದೆ ಅಂತ ನಾನು ವಾದಿಸಿದೆ. ಲೇಖಕಿ ಬೇಡ ಅಂತ ತಲೆಯಾಡಿಸಿದರು. “ಹದಿನಾಲ್ಕರ ಹುಡುಗಿ ತಲೆ ಮೇಲೆ ಹೆಣ ಹೊರಿಸಿ ನನ್ನ ಕಥೆ ಗಟ್ಟಿ ಆಗೋದು ಬೇಡ.” ಅವಳು ಬಿಸಿ ಗಾಳಿಯ ದಾರಿ ತಿರುಗಿಸುವಾಗ ಬೀಜದ ಕೋಣೆಯನ್ನು ಮರೆಯುತ್ತಾಳೆ. ಟೈಟಾನ್‌ನಲ್ಲಿ ಬಿತ್ತಬೇಕಿದ್ದ ಮೊಳಕೆಗಳು ಹೆಪ್ಪುಗಟ್ಟಿ ಹಾಳಾಗುತ್ತವೆ. ಈ ಮೊಳಕೆಗಳು ಯಾವ ಒಟ್ಲು ಪಾತಿಯಿಂದ ಬಂದವು ಅಂತ ನಮಗೆಲ್ಲ ಗೊತ್ತಿತ್ತು. ಲೇಖಕಿ ಹೇಳಿದ್ದೇ ಸರಿ.

ವಕೀಲರು ಆಗಲೂ ಪೂರ್ತಿ ಒಪ್ಪಲಿಲ್ಲ. 2016ರ ತಿದ್ದುಪಡಿಯ ನಂತರ ನಮ್ಮ ಕಾನೂನಿನಲ್ಲಿ 14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಾಕುವ ಹಾಗಿಲ್ಲ ಅಂತ ನೆನಪಿಸಿದರು. “ಆ ಸಹಿ ಹಾಕಿದ್ದೇ ತಪ್ಪು. ಹುಡುಗಿ ಗೆದ್ದಳು ಅಂತ ಸಹಿ ಸರಿ ಆಗಲ್ಲ.” ಲೇಖಕಿ ಈ ಮಾತನ್ನು ತಳ್ಳಿಹಾಕಲಿಲ್ಲ, ಕಥೆಯೊಳಗೆ ತಂದರು. ಹತ್ತನೇ ಅಧ್ಯಾಯ ಈಗ ಒಂದು ವಿಚಾರಣೆ. ನೌಕೆಯವರು ಕೂರಿಸಿ ಕೇಳುವುದು ಉಪನಾಯಕಿಯನ್ನು. ಆ ಹೆಸರನ್ನು ಪಟ್ಟಿಗೆ ಯಾಕೆ ಸೇರಿಸಿದಿರಿ? ಉಪನಾಯಕಿ ತಪ್ಪಾಯಿತು ಅನ್ನುತ್ತಾರೆ. ಮೊಳಕೆಗಳ ಲೆಕ್ಕವನ್ನು ತಮ್ಮ ಹೆಸರಿಗೇ ಬರೆಸಿಕೊಳ್ಳುತ್ತಾರೆ.

ನಮಗೆ ಸಿಕ್ಕಿದ್ದು

ಜಾಣ ಮಕ್ಕಳು ನಾಯಕರ ಜಾಗದಲ್ಲಿ ಇರಬಹುದಾ ಅಂದರೆ ನಾನೀಗ ಇರಬಹುದು ಅನ್ನುತ್ತೇನೆ. ಆದರೆ ಅವರು ಎಷ್ಟು ಜಾಣರು ಅಂತ ಬರೆದಷ್ಟೂ ಅದು ಸಾಬೀತಾಗುವುದಿಲ್ಲ. ಅವರಿಗೆ “ಆಯ್ತು” ಅನ್ನುವವರು ಯಾರು, ಯಾಕೆ ಅಂದರು, ಆಮೇಲೆ ಬೈಸಿಕೊಳ್ಳುವವರು ಯಾರು ಅನ್ನುವುದು ಕಥೆಯಲ್ಲಿ ಇರಬೇಕು. ಇಂಥ ಕರಡು ಕೈಗೆ ಬಂದರೆ ಈಗ ನಾನು ಮಾಡುವ ಮೊದಲ ಕೆಲಸ ಪೆನ್ಸಿಲ್ ತಗೊಂಡು ಪ್ರತಿ ಆಜ್ಞೆಯ ಕೆಳಗೆ ಗೆರೆ ಎಳೆಯುವುದು. ಅದರ ಮುಂದಿನ ವಾಕ್ಯದಲ್ಲಿ ಮನುಷ್ಯರಿದ್ದಾರಾ ನೋಡುವುದು. ‘ಬಾಗಿಲು ತೆರೆಯಿತು’, ‘ನೌಕೆ ತಿರುಗಿತು’, ‘ದೀಪ ಆರಿತು’ ಅಂತ ಸಾಲುಸಾಲಾಗಿ ಬರುತ್ತಿದ್ದರೆ ಆ ಮಗು ಯಾರಿಗೂ ನಾಯಕನಾಗಿಲ್ಲ. ದೊಡ್ಡವರು ನಾಯಕರಾಗಿರುವ ಕಥೆಗಳಲ್ಲೂ ಈ ಖಾಲಿ ಜಾಗ ಇರುತ್ತದೆ. ಅವರ ವಯಸ್ಸು ಅದನ್ನು ಮುಚ್ಚಿಬಿಡುತ್ತದೆ, ನಾವು ಗಮನಿಸುವುದಿಲ್ಲ.

ನಮ್ಮ ಆರು ತಿಂಗಳು ಹೋದದ್ದು ಬರೀ ಹುಡುಗಿಯನ್ನು ತಿದ್ದುವುದರಲ್ಲಿ. ಅವಳ ಬುದ್ಧಿ, ಅವಳ ವಯಸ್ಸು, ಅವಳ ದನಿ. ಪಕ್ಕದಲ್ಲಿ ನಿಂತವರ ಮುಖವನ್ನು ಯಾರೂ ನೋಡಿರಲಿಲ್ಲ.

ಶಾಲೆಯಲ್ಲಿ ಓದಿದ ದಿನ

ಫೆಬ್ರವರಿಯ ಒಂದು ಶನಿವಾರ ಲೇಖಕಿ ಮಂಡ್ಯದ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿಯವರಿಗೆ ಆ ಎರಡು ಅಧ್ಯಾಯ ಓದಿದರು. ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಎಂಜಿನಿಯರ್ ಹುಡುಗಿಯ ಮುಖ ನೋಡುವ ಜಾಗದಲ್ಲಿ ತರಗತಿ ಪೂರ್ತಿ ನಿಶ್ಶಬ್ದ. ಮುಗಿದ ಮೇಲೆ ಒಬ್ಬ ಹುಡುಗ ಎದ್ದು, “ಎರಡು ಗಂಟೆ ಸಾಲ್ದು ಮಿಸ್, ಪೂರ್ತಿ ಕ್ಯಾಪ್ಟನ್ ಮಾಡಬೇಕಿತ್ತು” ಅಂದ. ಮೂರು ನಾಲ್ಕು ಜನ ಹೌದು ಹೌದು ಅಂದರು. ಅವರ ಆಸೆ ನ್ಯಾಯವಾದದ್ದೇ. ಅದಕ್ಕೆ ನಮ್ಮ ಹತ್ತಿರ ಇನ್ನೂ ಉತ್ತರವಿಲ್ಲ.

ಕಿಟಕಿ ಪಕ್ಕದ ಹುಡುಗಿಯೊಬ್ಬಳು ಕೈ ಎತ್ತಿ ತುಂಬಾ ಮೆಲ್ಲಗೆ ಕೇಳಿದಳು: “ಅವತ್ತು ರಾತ್ರಿ ಅವಳು ಎಲ್ಲಿ ಮಲಗಿದ್ಲು?”

ಲೇಖಕಿ ಯೋಚಿಸಿರಲಿಲ್ಲ. ಗೊತ್ತಿಲ್ಲ, ಯೋಚಿಸಿ ಹೇಳ್ತೀನಿ ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವವರೆಗೂ ಒಂದು ಮಾತಾಡಲಿಲ್ಲ. ಆಮೇಲೆ ಟಿಕೆಟ್ ಹಿಂದೆ ಏನೋ ಗೀಚಿಕೊಂಡರು.

ಕೊನೆಯ ಅಧ್ಯಾಯ ಈಗ ಎರಡೇ ಪುಟ. ಭೂಮಿಯ ಉತ್ತರ ಬಂದಿದೆ, ಉಪನಾಯಕಿಗೆ ಪ್ರಜ್ಞೆ ಮರಳಿದೆ, ಹುಡುಗಿಗೆ ಎಲ್ಲಿ ಹೋಗಬೇಕೋ ತಿಳಿಯುವುದಿಲ್ಲ. ಎಂಜಿನ್ ಕೋಣೆಯ ಹೊರಗೆ, ಬೆಚ್ಚಗಿರುವ ಕೊಳವೆಗೆ ಒರಗಿ ಕೂರುತ್ತಾಳೆ. ಎಂಜಿನಿಯರ್ ಬಂದು ತಮ್ಮ ಅಂಗಿ ಮಡಿಸಿ ಅವಳ ತಲೆಯ ಕೆಳಗೆ ಇಡುತ್ತಾರೆ. ಮಾತಾಡುವುದಿಲ್ಲ. ಮೂರನೇ ಅಧ್ಯಾಯದ ಆ ಸಾಲುಗಳು ಈಗ ಹೀಗಿವೆ:

“‘ಎಡ ಎಂಜಿನ್ ನಿಲ್ಲಿಸಿ’ ಎಂದಳು. ಅವರು ಅವಳನ್ನು ನೋಡಿದರು. ಪಟ್ಟಿ ನೋಡಿದರು. ಮತ್ತೆ ಅವಳನ್ನು ನೋಡಿದರು. ‘ನನಗೆ ಸರಿ ಅನ್ನಿಸ್ತಿಲ್ಲ’ ಎಂದರು. ‘ಆಯ್ತಮ್ಮ’ ಎಂದರು. ಎಂಜಿನ್ ನಿಲ್ಲಿಸಿದರು.”